‘ಸ್ವಯಂಚಾಲಿತ ವಾದ್ಯ’ ಎನ್ನುವುದು ಸರಿಯೇ?

ಯಂತ್ರದಿಂದ ನುಡಿಯುವ ವಾದ್ಯಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ತೊಡಗಿರುವ ನನಗೆ ‘ಸ್ವಯಂಚಾಲಿತ ವಾದ್ಯ’ ಎಂಬ ಪ್ರಯೋಗ ಮೊದಲ ಪುಟದಲ್ಲೇ ತೊಡಕಾಗಿದೆ. ‘ಚಾಲಿತ’ ಎಂದರೆ ನಡೆಸಲ್ಪಟ್ಟದ್ದು. ಆ ಪದ ಯಂತ್ರಕ್ಕೆ ಚಲನೆ ಎಲ್ಲಿಂದ ಬಂತೆಂಬುದನ್ನು ಸೂಚಿಸುತ್ತದೆಯೇ ಹೊರತು, ಯಾವ ಸ್ವರ ಯಾವಾಗ ಹೊರಡಬೇಕೆಂಬುದು ಎಲ್ಲಿ ನಿಶ್ಚಯವಾಗಿದೆ ಎಂಬುದನ್ನಲ್ಲ. ಈ ವಾದ್ಯಗಳ ಜೀವಾಳವಿರುವುದು ಎರಡನೆಯದರಲ್ಲಿ.

ಯುರೋಪಿನ ಬೀದಿಗಳಲ್ಲಿ ಕೇಳಿಬರುತ್ತಿದ್ದ ಬ್ಯಾರೆಲ್ ಆರ್ಗನ್ ಎಂಬ ಕೊಳವೆವಾದ್ಯದಲ್ಲಿ ಒಬ್ಬಾತ ಹಿಡಿಕೆಯನ್ನು ತಿರುಗಿಸುತ್ತಲೇ ಇರಬೇಕು. ಆ ಒಂದೇ ತಿರುವು ತಿದಿಯನ್ನೂ ಒತ್ತುತ್ತದೆ, ಮೊಳೆ ಹೊಡೆದ ಮರದ ಉರುಳೆಯನ್ನೂ ಸುತ್ತಿಸುತ್ತದೆ. ಹಾಡು ಮೊಳೆಗಳ ಜೋಡಣೆಯಲ್ಲಿಯೇ ಅಡಗಿರುವುದರಿಂದ ತಿರುಗಿಸುವವನಿಗೆ ಸಂಗೀತ ತಿಳಿದಿರಬೇಕಿಲ್ಲ. 9ನೆಯ ಶತಮಾನದ ಬಾಗ್ದಾದಿನಲ್ಲಿ ಬನೂ ಮೂಸಾ ಸೋದರರು ವರ್ಣಿಸಿದ ವಾದ್ಯದಲ್ಲಿ ಇಂಥದೇ ಉರುಳೆಯನ್ನು ನೀರು ತಿರುಗಿಸುತ್ತಿತ್ತು. ಒಂದಕ್ಕೆ ಕೈಬಲ, ಇನ್ನೊಂದಕ್ಕೆ ನೀರಿನ ಬಲ. ಆದರೆ ಎರಡೂ ತಾವೇ ನುಡಿಯುತ್ತವೆ.

ಇದಕ್ಕೆ ತದ್ವಿರುದ್ಧವಾದ ನಿದರ್ಶನ ನಮ್ಮ ಶ್ರೀರಂಗಪಟ್ಟಣದ್ದು. 1799ರಲ್ಲಿ ಬ್ರಿಟಿಷರ ವಶವಾಗಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ‘ಟಿಪ್ಪುವಿನ ಹುಲಿ’ ಎಂಬ ಮರದ ಯಂತ್ರಗೊಂಬೆಯ ಹಿಡಿಕೆಯನ್ನು ತಿರುಗಿಸಿದರೆ ಹುಲಿಯ ಗರ್ಜನೆ, ಅದರಡಿ ಬಿದ್ದವನ ನರಳಾಟ ತಾವಾಗಿಯೇ ಹೊರಡುತ್ತವೆ. ಅದೇ ಹುಲಿಯ ಮೈಯೊಳಗಿನ ಪುಟ್ಟ ಆರ್ಗನ್ನಿನ 18 ಗುಂಡಿಗಳನ್ನು ಮಾತ್ರ ಯಾರಾದರೂ ಬೆರಳಿನಿಂದಲೇ ಒತ್ತಬೇಕು. ಅದನ್ನು ಒಟ್ಟಾಗಿ ‘ಸ್ವಯಂಚಾಲಿತ ವಾದ್ಯ’ವೆಂದು ಕರೆದರೆ ಅದರ ರಚನೆಯೇ ಮರೆಯಾಗುತ್ತದೆ.

ಕನ್ನಡದಲ್ಲಿ ವಾದ್ಯ ‘ನುಡಿಯುತ್ತದೆ’, ವಾದಕ ‘ನುಡಿಸುತ್ತಾನೆ’. ಈ ‘-ಇಸು’ ಪ್ರತ್ಯಯವೊಂದೇ ನಮಗೆ ಬೇಕಾದ ಭೇದವನ್ನು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ! ಆದ್ದರಿಂದ ‘ತಾನೇ ನುಡಿಯುವ ವಾದ್ಯ’ ಎಂಬುದೇ ನನಗೆ ಒಪ್ಪಿತವಾಗಿ ಕಾಣುತ್ತದೆ. ಸಮಾಸ ಮಾಡಿ ‘ತನ್ನುಡಿ’ ಎನ್ನೋಣವೆಂದರೆ ಅದು ಸ್ವಂತ ಭಾಷೆ ಎಂಬರ್ಥದಲ್ಲಿ ಆಗಲೇ ಬಳಕೆಯಲ್ಲಿದೆ. 1796ರಲ್ಲಿ ಜಿನೀವಾದ ಆಂತ್ವಾನ್ ಫಾವ್ರ್ ರೂಪಿಸಿದ ಉಕ್ಕಿನ ಹಲ್ಲುಗಳಿಂದ ನುಡಿಯುವ ಮ್ಯೂಸಿಕ್ ಬಾಕ್ಸನ್ನು ‘ಸಂಗೀತಪೆಟ್ಟಿಗೆ’ ಎನ್ನಲೂ ನನಗೆ ಮನಸ್ಸಿಲ್ಲ. ಹಾರ್ಮೋನಿಯಮ್ಮನ್ನೂ ಶ್ರುತಿಪೆಟ್ಟಿಗೆಯನ್ನೂ ಬಲ್ಲ ಓದುಗರಿಗೆ ಅದು ಬೇರೆಯದೇ ಚಿತ್ರವನ್ನು ಕೊಡುತ್ತದೆ. ‘ಹಣಿಗೆವಾದ್ಯ’ ಹೇಗೆ?

ನಾನು ಉತ್ತರ ಕಾಣದಿರುವುದು ಪಿಯಾನೋವನ್ನು ನುಡಿಸುವ ಯಂತ್ರವಾದ ಪಿಯಾನೋಲಾದ ವಿಷಯದಲ್ಲಿ. 1895ರಲ್ಲಿ ಅಮೆರಿಕದ ಎಡ್ವಿನ್ ವೋಟಿ ರೂಪಿಸಿದ ಆ ಯಂತ್ರದಲ್ಲಿ ಸ್ವರಗಳು ಕಾಗದದ ಸುರುಳಿಯ ರಂಧ್ರಗಳಲ್ಲಿರುತ್ತವೆ. ಎದುರಿಗೆ ಕುಳಿತವರು ಕಾಲಿನಿಂದ ತಿದಿಯನ್ನು ಒತ್ತುತ್ತ, ಕೈಯಲ್ಲಿ ಸನ್ನೆಕೋಲುಗಳನ್ನು ಸರಿಸುತ್ತ ಲಯದ ಏರಿಳಿತವನ್ನು ತಾವೇ ನಿರ್ಧರಿಸುತ್ತಾರೆ. 1904ರ ಹೊತ್ತಿಗೆ ಜರ್ಮನಿಯ ಫ್ರೈಬುರ್ಗಿನ ವೆಲ್ಟೆ ಸಂಸ್ಥೆಯ ಯಂತ್ರ ವಾದಕರ ಬೆರಳಿನ ಒತ್ತಡದ ಏರುಪೇರನ್ನೂ ಸುರುಳಿಯಿಂದಲೇ ಹೊರಡಿಸಿದ್ದರಿಂದ ಆ ಪಾಲೂ ಯಂತ್ರಕ್ಕೇ ಸೇರಿತು. ಆದರೆ ಪಿಯಾನೋಲಾದ ಮುಂದೆ ಕುಳಿತವರು ಅದನ್ನು ನುಡಿಸುತ್ತಾರೆಯೇ, ನಡೆಸುತ್ತಾರೆಯೇ? ಅವರನ್ನು ‘ವಾದಕ’ರೆನ್ನಬಹುದೇ? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.