ವಾಕಿಂಗ್ ಐರಿಸ್: ಹೂಕಡ್ಡಿಯ ತುದಿಯಲ್ಲಿ ಮರಿ ಬಂದಿದೆ, ನೆಲವಿಲ್ಲದ ಬಾಲ್ಕನಿಯಲ್ಲಿ ಏನು ಮಾಡುವುದು?

ಬಾಲ್ಕನಿ ತೋಟ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಸಾಗರದ ನಮ್ಮ ದೊಡ್ಡಮ್ಮನ ಮನೆಯಿಂದ ಹೋದ ಮಳೆಗಾಲದಲ್ಲಿ ತಂದ ವಾಕಿಂಗ್ ಐರಿಸ್ ಗಿಡವೊಂದು ನಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿದೆ. ಬಿಳಿ ಎಸಳು, ನಡುವೆ ನೀಲಿ ಸುರುಳಿ ಇರುವ ಜಾತಿ. ಬಾಲ್ಕನಿ ಪೂರ್ವಕ್ಕಿದೆ, ಬೆಳಿಗ್ಗೆ ಹತ್ತು ಗಂಟೆಯವರೆಗೆ ಬಿಸಿಲು, ಆಮೇಲೆ ಒಳ್ಳೆಯ ಬೆಳಕು.

ಈ ಸಲ ಮೊದಲ ಬಾರಿಗೆ ಹೂವು ಬಿಟ್ಟಿತು. ಬೆಳಿಗ್ಗೆ ಅರಳಿದ ಹೂವು ಸಂಜೆಗೆ ಮುದುಡಿತು. ಕೆಲವು ದಿನಗಳ ನಂತರ ಅದೇ ಜಾಗದಿಂದ ಮತ್ತೊಂದು ಹೂವು ಬಂತು. ಈಗ ಆ ಜಾಗದಲ್ಲಿ ಬೆರಳುದ್ದದ ಪುಟ್ಟ ಎಲೆಗಳು ಮೂಡಿವೆ, ಬುಡದಲ್ಲಿ ಬಿಳಿ ಗಂಟುಗಳು ಕಾಣುತ್ತಿವೆ. ಭಾರಕ್ಕೆ ಕಡ್ಡಿ ಬಾಗಿ ಗ್ರಿಲ್ಲಿನಿಂದ ಹೊರಗೆ ತೂಗುತ್ತಿದೆ. ದೊಡ್ಡಮ್ಮನ ಅಂಗಳದಲ್ಲಾದರೆ ಅದು ತಾನಾಗಿಯೇ ನೆಲ ಮುಟ್ಟಿ ಬೇರು ಬಿಡುತ್ತದೆ. ಇಲ್ಲಿ ಕೆಳಗೆ ಇರುವುದು ಪಕ್ಕದವರ ಕಾರು.

ಮರಿಯನ್ನು ಈಗಲೇ ಕತ್ತರಿಸಿ ನೆಡಬಹುದೇ? ಎಲೆಗಳ ತುದಿ ಕಂದಾಗಿ ಒಣಗುತ್ತಿರುವುದಕ್ಕೆ ಗೊಬ್ಬರ ಕಡಿಮೆಯಾದದ್ದು ಕಾರಣವೇ? ನಾವು ಹಾಕುವುದು ಬೋರ್‌ವೆಲ್ ನೀರು.

ಅಂಗಳದ ಹೂಗಿಡ, ತೀರ್ಥಹಳ್ಳಿ

ಈಗಲೇ ಕತ್ತರಿಸಬೇಡಿ. ಈ ಗಿಡದ ವಿಷಯದಲ್ಲಿ ನಾನು ಯಾರಿಗೇ ಆಗಲಿ ಮೊದಲು ಹೇಳುವ ಮಾತು ಇದೇ. ಹೂವು ಬಾಡಿದ ಕೂಡಲೇ ಕಡ್ಡಿ ಕತ್ತರಿಸುವುದು ಗುಲಾಬಿಗೆ ಸರಿ, ಇದಕ್ಕಲ್ಲ. ಇದರ ಸಂಸಾರವೆಲ್ಲ ಇರುವುದು ಆ ಕಡ್ಡಿಯ ತುದಿಯಲ್ಲಿ.

ಆ ಕಡ್ಡಿಯನ್ನು ಒಮ್ಮೆ ಬೆರಳುಗಳ ನಡುವೆ ಹಿಡಿದು ನೋಡಿ. ದುಂಡಗಿರುವುದಿಲ್ಲ, ಚಪ್ಪಟೆಯಾಗಿ ಎಲೆಯ ಹಾಗೆಯೇ ಇರುತ್ತದೆ. ಹೂವು ಬರುವವರೆಗೆ ಯಾವುದು ಎಲೆ, ಯಾವುದು ಕಡ್ಡಿ ಎಂದು ಹೊಸಬರಿಗೆ ತಿಳಿಯುವುದಿಲ್ಲ. ತುದಿಗಿಂತ ಸ್ವಲ್ಪ ಕೆಳಗೆ ಒಂದು ಕಡೆ ಉಬ್ಬುತ್ತದೆ, ಅಲ್ಲಿಂದ ಮೊಗ್ಗು ಇಣುಕುತ್ತದೆ. ಹೊರಗಿನ ಮೂರು ಬಿಳಿ ಎಸಳು ಅಗಲವಾಗಿ ಹರಡಿಕೊಳ್ಳುತ್ತವೆ, ಒಳಗಿನ ಮೂರು ಚಿಕ್ಕವು ನೀಲಿ ಬಣ್ಣದಲ್ಲಿ ಹಿಂದಕ್ಕೆ ಸುರುಳಿಯಾಗುತ್ತವೆ, ಬುಡದಲ್ಲಿ ಹಳದಿ ಮತ್ತು ಕಂದು ಅಡ್ಡಗೆರೆಗಳು. ಒಂದೇ ದಿನದ ಹೂವು, ನಿಜ. ಆದರೆ ಅದೇ ಉಬ್ಬಿನೊಳಗೆ ಇನ್ನೂ ಮೊಗ್ಗುಗಳು ಸರದಿಗೆ ಕಾದಿರುತ್ತವೆ. ನಿಮ್ಮಲ್ಲಿ ಎರಡನೆಯದು ಬಂದದ್ದು ಹಾಗೆಯೇ. ಮೊಗ್ಗುಗಳ ಸರದಿ ಮುಗಿಯುತ್ತಾ ಬಂದಾಗ ಅಲ್ಲೇ ಮರಿ ಮೂಡುತ್ತದೆ.

ನೀವು ಬಿಳಿ ಗಂಟು ಎಂದಿರಲ್ಲ, ಅವು ಬೇರಿನ ಮೊಳಕೆ. ಅವು ಇನ್ನೂ ಮಣ್ಣನ್ನು ಕಂಡಿಲ್ಲ. ಮರಿಗೆ ನೀರು, ಆಹಾರ ಎಲ್ಲವೂ ಈಗ ಬರುತ್ತಿರುವುದು ಆ ಚಪ್ಪಟೆ ಕಡ್ಡಿಯ ಮೂಲಕ, ತಾಯಿ ಗಿಡದಿಂದ. ಕರು ಹುಲ್ಲು ಮೇಯಲು ಕಲಿಯುವ ಮೊದಲೇ ಯಾರಾದರೂ ಹಾಲು ಬಿಡಿಸುತ್ತಾರೆಯೇ? ಮೊದಲು ಮಣ್ಣಿನಲ್ಲಿ ಬೇರೂರಲಿ, ಆಮೇಲೆ ಕತ್ತರಿಸೋಣ.

ನೆಲವಿಲ್ಲ ಎಂಬುದು ದೊಡ್ಡ ತೊಂದರೆಯಲ್ಲ. ಮರಿ ನೆಲಕ್ಕೆ ಹೋಗಲಾಗದಿದ್ದರೆ ನೆಲವನ್ನೇ ಮರಿಯ ಬಳಿಗೆ ತನ್ನಿ. ಕಡ್ಡಿಯನ್ನು ಮೆಲ್ಲಗೆ ಗ್ರಿಲ್ಲಿನ ಒಳಗೆ ತಿರುಗಿಸಿಕೊಳ್ಳಿ. ಎಳೆಯಬಾರದು, ಅದು ಬುಡದಲ್ಲಿ ಮುರಿಯುವುದಕ್ಕಿಂತ ಮಡಚಿಕೊಳ್ಳುವುದೇ ಹೆಚ್ಚು, ಮಡಚಿದ ಕಡೆ ಒಣಗುತ್ತದೆ. ಕಡ್ಡಿ ತಿರುಗಲು ಒಪ್ಪದಿದ್ದರೆ ಕುಂಡವನ್ನೇ ತಿರುಗಿಸಿ. ಮರಿ ಎಷ್ಟು ಎತ್ತರದಲ್ಲಿ ತೂಗುತ್ತದೋ ಅಷ್ಟೇ ಎತ್ತರಕ್ಕೆ ಇಟ್ಟಿಗೆಯನ್ನೋ ಬೋರಲು ಹಾಕಿದ ಖಾಲಿ ಕುಂಡವನ್ನೋ ಇಟ್ಟು, ಅದರ ಮೇಲೆ ಚಿಕ್ಕ ಕುಂಡವೊಂದನ್ನು ಕೂರಿಸಿ. ಮೊಸರಿನ ಡಬ್ಬಿಯ ತಳಕ್ಕೆ ತೂತು ಹಾಕಿದರೂ ಆದೀತು.

ಅದಕ್ಕೆ ತುಂಬುವ ಮಣ್ಣು ಹಗುರವಾಗಿರಲಿ. ನಾನು ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ, ಮರಳು ಸಮಸಮ ಬೆರೆಸುತ್ತೇನೆ. ಮರಳು ಸಿಗದಿದ್ದರೆ ಕೋಕೋಪೀಟ್ ಹಾಕಿ. ಮರಿಯ ಬುಡ ಮಾತ್ರ ಮಣ್ಣಿಗೆ ಒತ್ತಿರಬೇಕು. ಎಲೆಗಳು ಸೇರುವ ನಡುಭಾಗವನ್ನು ಹೂತರೆ ಸುಳಿ ಕೊಳೆಯುತ್ತದೆ. ಅಲುಗಾಡದಂತೆ ತಂತಿಯ ತುಂಡನ್ನು ಬಗ್ಗಿಸಿ ಕಡ್ಡಿಯ ಮೇಲೆ ಚುಚ್ಚಿ, ಇಲ್ಲವೇ ಹಂಚಿನ ಚೂರು ಹೇರಿ. ನಮ್ಮ ಮನೆಯಲ್ಲಿ ತಲೆಗೆ ಹಾಕುವ ಹೇರ್‌ಪಿನ್ನೇ ಈ ಕೆಲಸ ಮಾಡುತ್ತದೆ. ಮಣ್ಣು ಒಣಗಲು ಬಿಡಬೇಡಿ, ಹಾಗೆಂದು ಕೆಸರಾಗಲೂ ಬಾರದು.

ಕೆಲವು ವಾರಗಳ ನಂತರ ಮರಿಯನ್ನು ಎರಡು ಬೆರಳಿನಲ್ಲಿ ಹಿಡಿದು ಸ್ವಲ್ಪ ಮೇಲಕ್ಕೆತ್ತಿ ನೋಡಿ. ಮಣ್ಣು ಬಿಗಿ ಹಿಡಿದಿದ್ದರೆ ಬೇರು ಇಳಿದಿದೆ ಎಂದರ್ಥ. ಅಷ್ಟಕ್ಕೇ ಅವಸರಪಡದೆ, ನಡುವಿನಿಂದ ಒಂದು ಹೊಸ ಎಲೆ ಬರುವವರೆಗೆ ಕಾಯಿರಿ. ಆಮೇಲೆ ಕಡ್ಡಿಯನ್ನು ಮರಿಯ ಹತ್ತಿರ ಒಮ್ಮೆ, ತಾಯಿಯ ಬುಡದಲ್ಲಿ ಒಮ್ಮೆ ಕತ್ತರಿಸಿ.

ತುದಿ ಒಣಗುವುದಕ್ಕೆ ಗೊಬ್ಬರದ ಕೊರತೆ ಕಾರಣವಲ್ಲ ಎಂದೇ ನನ್ನ ಎಣಿಕೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಅದು ಗಡಸು ನೀರಿನ ಲವಣ. ಕುಂಡದ ಮಣ್ಣಿನಲ್ಲಿ ಅದು ಸೇರುತ್ತಾ ಹೋದ ಹಾಗೆ ಎಲೆಯ ತುದಿ ಮೊದಲು ಸುಡುತ್ತದೆ. ಈಗ ರಾಸಾಯನಿಕ ಗೊಬ್ಬರ ಹಾಕಿದರೆ ಲವಣಕ್ಕೆ ಲವಣ ಸೇರಿಸಿದಂತಾಗುತ್ತದೆ. ಮಳೆ ಬಂದಾಗ ಕುಂಡವನ್ನು ಮಳೆಗೆ ಇಡಿ, ಇಲ್ಲವೇ ಮಳೆನೀರು ಹಿಡಿದು ತಳದಿಂದ ಧಾರಾಳವಾಗಿ ಹರಿದು ಹೋಗುವಷ್ಟು ಸುರಿಯಿರಿ. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ. ಒಣಗಿದ ತುದಿ ಮತ್ತೆ ಹಸಿರಾಗುವುದಿಲ್ಲ. ಹೊಸ ಎಲೆ ಹೇಗೆ ಬರುತ್ತದೆ ಎಂಬುದನ್ನು ನೋಡಿ.

ನಿಮ್ಮ ಬಿಸಿಲು ಸರಿಯಾಗಿಯೇ ಇದೆ. ಬೆಳಗಿನ ಎಳೆಬಿಸಿಲು ಸಿಗದ ಕತ್ತಲ ಮೂಲೆಯಲ್ಲಿ ಈ ಗಿಡ ಎಲೆಯನ್ನಷ್ಟೇ ಬೆಳೆಸುತ್ತಾ ಕೂರುತ್ತದೆ. ಮಾರ್ಚ್, ಏಪ್ರಿಲಿನ ಮಧ್ಯಾಹ್ನದ ಬಿಸಿಲಿಗೆ ಬಿದ್ದರೆ ಎಲೆಯ ಮೇಲೆ ಬಿಳಿಚಿದ ಪಟ್ಟೆ ಏಳುತ್ತದೆ.

ಕರಾವಳಿ ಕೈತೋಟ, ಉಡುಪಿ

ನಮ್ಮಲ್ಲಿ ಇರುವುದು ಹಳದಿ ಹೂವಿನದು, ಎಸಳಿನ ಬುಡದಲ್ಲಿ ಕಂದು ಚುಕ್ಕೆಗಳಿವೆ. ತೆಂಗಿನ ಬುಡದ ನೆರಳಿನಲ್ಲಿ ಒಂದು ಸಾಲು ನೆಟ್ಟಿದ್ದೆವು. ಈಗ ಅದು ಬಾವಿಕಟ್ಟೆಯವರೆಗೂ ಬಂದಿದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಅರ್ಧದಷ್ಟನ್ನು ಕಿತ್ತು ನೆರೆಹೊರೆಗೆ ಹಂಚುತ್ತೇವೆ. ನೆಲದಲ್ಲಿ ನೆಡುವವರು ಅದಕ್ಕೆ ಎಲ್ಲೆ ಹಾಕಿಕೊಂಡೇ ನೆಡಬೇಕು.

ಮರಿಯನ್ನು ಕತ್ತರಿಸಿ ನೀರಿನ ಲೋಟದಲ್ಲಿ ಇಟ್ಟರೂ ಬೇರು ಬರುತ್ತದೆ. ಬುಡದಲ್ಲಿ ಮೊಳಕೆ ಕಾಣುತ್ತಿದ್ದರೆ ಸಾಕು. ಬಾಲ್ಕನಿಯವರಿಗೆ ಅದೇ ಸುಲಭವಲ್ಲವೇ?

ಅಂಗಳದ ಹೂಗಿಡ, ತೀರ್ಥಹಳ್ಳಿ

ಬೇರು ಬರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನೀರಿನಲ್ಲಿ ಬಂದ ಬೇರು ಬಲು ನಾಜೂಕು. ಮಣ್ಣಿಗೆ ಹಾಕಿದ ಮೇಲೆ ಅದರಲ್ಲಿ ಎಷ್ಟೋ ಸಾಯುತ್ತವೆ, ಮಣ್ಣಿಗೆ ಬೇಕಾದ ಬೇರನ್ನು ಗಿಡ ಮತ್ತೆ ಹೊಸದಾಗಿ ಹುಟ್ಟಿಸಿಕೊಳ್ಳಬೇಕು. ಆ ಹೊತ್ತಿನಲ್ಲಿ ಬೆನ್ನಿಗೆ ತಾಯಿಯೂ ಇರುವುದಿಲ್ಲ. ಕಡ್ಡಿ ಅಕಸ್ಮಾತ್ ಮುರಿದರೆ ನೀರಿನ ಲೋಟ ಒಳ್ಳೆಯ ದಾರಿ. ಆಗಲೂ ಬುಡ ಮಾತ್ರ ನೀರಿಗೆ ತಾಗುವಂತೆ ಇಟ್ಟು, ಬೇರು ಅರ್ಧ ಬೆರಳಿನಷ್ಟು ಆಗುತ್ತಲೇ ಮಣ್ಣಿಗೆ ಸೇರಿಸಿಬಿಡಿ. ನೀರಿನಲ್ಲೇ ಉದ್ದ ಬೆಳೆಸಬೇಡಿ. ಕಡ್ಡಿ ಗಟ್ಟಿಯಾಗಿ ಇರುವವರೆಗೆ ಕುಂಡದ ದಾರಿಯೇ ನನ್ನ ಆಯ್ಕೆ.

ಗಿಡ ಹುಚ್ಚು, ಧಾರವಾಡ

ನಮ್ಮ ಮನೆಯದಕ್ಕೂ ಇಂಥವೇ ಎಲೆ, ಒಂದರ ಪಕ್ಕ ಒಂದು ಎರಡೂ ಬದಿಗೆ ಹರಡಿವೆ. ಹೂವು ಮಾತ್ರ ಕಿತ್ತಳೆ ಬಣ್ಣ, ಮೇಲೆ ಕೆಂಪು ಚುಕ್ಕೆ. ನರ್ಸರಿಯವರು ವಾಕಿಂಗ್ ಐರಿಸ್ ಎಂದೇ ಹೇಳಿ ಕೊಟ್ಟರು. ಮರಿಗಾಗಿ ಕಾದೂ ಕಾದೂ ಸಾಕಾಗಿದೆ. ಒಂದಾದರೂ ಬಂದಿಲ್ಲ.

ಅಂಗಳದ ಹೂಗಿಡ, ತೀರ್ಥಹಳ್ಳಿ

ಬರುವುದೂ ಇಲ್ಲ. ನಿಮ್ಮದು ಬ್ಲ್ಯಾಕ್‌ಬೆರಿ ಲಿಲ್ಲಿ. ಅದೂ ಐರಿಸ್ ಕುಟುಂಬದ್ದೇ, ಆದರೆ ಮೂಲ ಏಷ್ಯಾ. ಹಿಂದೆ ಬೆಲಮ್‌ಕಾಂಡಾ ಎನ್ನುತ್ತಿದ್ದರು, 2005ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ಐರಿಸ್ ಕುಲಕ್ಕೇ ಸೇರಿಸಿದರು. ಅದರ ಹೂಕಡ್ಡಿ ದುಂಡಗೆ, ಕವಲೊಡೆದು ನೆಟ್ಟಗೆ ನಿಲ್ಲುತ್ತದೆ. ಕಾಯಿ ಒಣಗಿ ಬಿರಿದಾಗ ಒಳಗೆ ಹೊಳೆಯುವ ಕಪ್ಪು ಬೀಜಗಳ ಗೊಂಚಲು ಕಾಣುತ್ತದೆ. ಆ ಬೀಜವನ್ನೇ ಬಿತ್ತಿ, ಚೆನ್ನಾಗಿ ಹುಟ್ಟುತ್ತದೆ. ಬಿಸಿಲನ್ನೂ ಇದಕ್ಕಿಂತ ಹೆಚ್ಚು ಕೊಡಿ. ಸುಂದರವಾದ ಗಿಡ, ಬಿಸಾಡಬೇಡಿ.

ದೂರದ ಕನ್ನಡಿಗ, ಫ್ಲೋರಿಡಾ

ಇಲ್ಲಿನ ಮನೆಗಳ ಮುಂದೆ, ಓಕ್ ಮರದ ನೆರಳಿನಲ್ಲಿ ವಾಕಿಂಗ್ ಐರಿಸ್ ಗಿಡವನ್ನು ತುಂಬಾ ಬೆಳೆಸುತ್ತಾರೆ. ಇದರ ತವರು ಮೆಕ್ಸಿಕೋದ ದಕ್ಷಿಣದಿಂದ ಬ್ರೆಜಿಲ್‌ವರೆಗಿನ ಪ್ರದೇಶ, ಆದ್ದರಿಂದ ಇಲ್ಲಿನ ಸೆಕೆಯೂ ತೇವವೂ ಇದಕ್ಕೆ ಹಿಡಿಸುತ್ತವೆ. ಚಳಿಗಾಲದಲ್ಲಿ ಅಪರೂಪಕ್ಕೆ ಹಿಮ ಬೀಳುವ ರಾತ್ರಿ ಹಳೆಯ ಹೊದಿಕೆ ಮುಚ್ಚುತ್ತೇವೆ. ಎಲೆ ಸುಟ್ಟರೂ ಗೆಡ್ಡೆ ಉಳಿದರೆ ಮತ್ತೆ ಚಿಗುರುತ್ತದೆ. ಅಮೆರಿಕದ ಉತ್ತರ ಭಾಗದಲ್ಲಿರುವ ನಮ್ಮವರು ಇದನ್ನು ಕುಂಡದಲ್ಲಿಟ್ಟು ಚಳಿಗಾಲಕ್ಕೆ ಒಳಗೆ ತರುತ್ತಾರೆ.

ಹುಡುಕುವವರಿಗೆ ಒಂದು ಸೂಚನೆ: ನರ್ಸರಿಯ ಚೀಟಿಗಳಲ್ಲಿ ನಿಯೋಮರಿಕಾ ಗ್ರಾಸಿಲಿಸ್ ಎಂದಿರುತ್ತದೆ, ಹೊಸ ಪಟ್ಟಿಗಳಲ್ಲಿ ಟ್ರೈಮೀಜಿಯಾ ಗ್ರಾಸಿಲಿಸ್ ಎಂದಿರುತ್ತದೆ. ಎರಡೂ ಒಂದೇ ಗಿಡ. ಇಲ್ಲಿನ ಜನ ಇದನ್ನು ಅಪೋಸಲ್ ಪ್ಲಾಂಟ್ ಎಂದೂ ಕರೆಯುತ್ತಾರೆ. ಯೇಸುವಿನ ಹನ್ನೆರಡು ಶಿಷ್ಯರ ಹಾಗೆ ಹನ್ನೆರಡು ಎಲೆ ತುಂಬಿದ ಮೇಲೆಯೇ ಹೂವು ಬಿಡುತ್ತದೆಂಬ ನಂಬಿಕೆ.

ಬಾಲ್ಕನಿ ತೋಟ, ಬೆಂಗಳೂರು

ಅಕ್ಕ, ತುಂಬಾ ಧನ್ಯವಾದ. ಕುಂಡದ ಅಂಚಿನಲ್ಲಿ ನೀವು ಹೇಳಿದ ಬಿಳಿ ಪುಡಿ ಇದೆ. ಕಡ್ಡಿಯನ್ನು ಒಳಗೆ ತಿರುಗಿಸಿ, ಎರಡು ಇಟ್ಟಿಗೆಯ ಮೇಲೆ ಚಿಕ್ಕ ಕುಂಡ ಇಟ್ಟು ಮರಿಯನ್ನು ಕೂರಿಸಿದ್ದೇನೆ. ಇನ್ನೆರಡು ಮಾತು ಕೇಳಬೇಕಿತ್ತು. ಹನ್ನೆರಡು ಎಲೆಯ ಲೆಕ್ಕ ನಿಜವೇ? ತಾಯಿ ಗಿಡ ಕುಂಡದ ತುಂಬ ಇಕ್ಕಟ್ಟಾಗಿದೆ, ಅದನ್ನೂ ಈಗಲೇ ಬಿಡಿಸಿ ನೆಡಬಹುದೇ?

ಅಂಗಳದ ಹೂಗಿಡ, ತೀರ್ಥಹಳ್ಳಿ

ಎಲೆ ಎಣಿಸಿ ಕೂರುವುದು ಬೇಡ. ಗಿಡ ಬಲಿಯಬೇಕು ಎಂಬಷ್ಟರ ಮಟ್ಟಿಗೆ ಆ ನಂಬಿಕೆ ಸರಿ. ಹನ್ನೆರಡಕ್ಕಿಂತ ಕಡಿಮೆ ಎಲೆ ಇದ್ದು ಹೂವು ಬಿಟ್ಟ ಗಿಡ ನನ್ನ ಜಗಲಿಯ ಪಕ್ಕದಲ್ಲೇ ಇದೆ. ಮರಿ ಮೊದಲ ವರ್ಷವೇ ಹೂವು ಬಿಡದಿದ್ದರೆ ಬೇಸರಪಡಬೇಡಿ, ಅದು ಇನ್ನೂ ಗೆಡ್ಡೆ ಕಟ್ಟುತ್ತಿರುತ್ತದೆ.

ತಾಯಿಯನ್ನು ಈಗ ಮುಟ್ಟಬೇಡಿ. ಕಡ್ಡಿಯ ಮೂಲಕ ಅದು ಮರಿಯನ್ನು ಸಾಕುತ್ತಿರುವಾಗ ಬೇರು ಕದಲಿಸಿದರೆ ಇಬ್ಬರಿಗೂ ಕಷ್ಟ. ಸ್ವಲ್ಪ ಇಕ್ಕಟ್ಟು ಈ ಗಿಡಕ್ಕೆ ಹಿತವೇ. ಮರಿ ಬೇರ್ಪಟ್ಟು, ಹೂವಿನ ಕಾಲವೂ ಕಳೆದ ಮೇಲೆ ಕುಂಡದಿಂದ ಇಡಿಯಾಗಿ ಹೊರತೆಗೆಯಿರಿ. ಮಣ್ಣು ಉದುರಿಸಿದರೆ ಗೆಡ್ಡೆ ಅಡ್ಡಲಾಗಿ ಹರಡಿರುವುದು, ಎಲೆಗಳ ಒಂದೊಂದು ಗುಂಪು ಒಂದೊಂದು ಕಡೆಯಿಂದ ಎದ್ದಿರುವುದು ಕಾಣುತ್ತದೆ. ಪ್ರತಿ ಗುಂಪಿಗೂ ಅದರದ್ದೇ ಬೇರು ಉಳಿಯುವಂತೆ ಹರಿತವಾದ ಚಾಕುವಿನಿಂದ ಕತ್ತರಿಸಿ, ಗಾಯಕ್ಕೆ ಒಲೆಯ ಬೂದಿ ಹಚ್ಚಿ ನೆರಳಿನಲ್ಲಿ ಸ್ವಲ್ಪ ಆರಿಸಿ. ಬೂದಿ ಸಿಗದಿದ್ದರೆ ಅರಿಶಿನ ಪುಡಿ ಹಚ್ಚಬಹುದು. ಎಲೆಗಳನ್ನು ಅರ್ಧಕ್ಕೆ ಮೊಟಕುಗೊಳಿಸಿ ನೆಡಿ, ಬೇರು ಹಿಡಿಯುವವರೆಗೆ ಅಷ್ಟೂ ಎಲೆಗೆ ನೀರು ಒದಗಿಸುವ ಶಕ್ತಿ ಅದಕ್ಕೆ ಇರುವುದಿಲ್ಲ. ನಮ್ಮ ಕಡೆ ಜೋರು ಮಳೆಯ ತಿಂಗಳುಗಳಲ್ಲಿ ಈ ಕೆಲಸ ಮಾಡುವುದಿಲ್ಲ. ಹಸಿ ಗಾಯಕ್ಕೆ ನೀರು ಕುಡಿದು ಗೆಡ್ಡೆ ಕೊಳೆಯುತ್ತದೆ, ಉಳಿದದ್ದನ್ನು ಬಸವನಹುಳು ಮುಗಿಸುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಆ ಭಯ ಕಡಿಮೆ, ಆದರೂ ಮಳೆಯ ಎರಚಲು ಹೊಡೆಯದ ಕಡೆ ಇಡಿ.

ಚಿಕ್ಕ ಕುಂಡದ ಮಣ್ಣು ದೊಡ್ಡ ಕುಂಡದ್ದಕ್ಕಿಂತ ಬೇಗ ಒಣಗುತ್ತದೆ. ದಿನಾ ಬೆಳಿಗ್ಗೆ ಬೆರಳು ಹಾಕಿ ನೋಡಿ ನೀರು ಕೊಡಿ, ಸಾಧ್ಯವಾದರೆ ಮಳೆನೀರನ್ನೇ ಕೊಡಿ. ಹೊಸ ಎಲೆ ಬಂದಾಗ ಒಂದು ಫೋಟೋ ಹಾಕಿ, ಕತ್ತರಿಸಬಹುದೋ ಇನ್ನೂ ಕಾಯಬೇಕೋ ನೋಡಿ ಹೇಳುತ್ತೇನೆ.