ಪದಚರ್ಚೆ: ‘ಸೀಕ್ವೆಲ್’ ಎಂದರೆ ‘ಮುಂದುವರಿದ ಭಾಗ’ವೇ? (ಜಪಾನಿ ಗೇಮ್‌ಗಳ ಸಂದರ್ಭದಲ್ಲಿ)

ಪ್ರಶ್ನೆ

ಬಳಗದ ಎಲ್ಲರಿಗೂ ನಮಸ್ಕಾರ.

‘ಕ್ರೋನೋ ಟ್ರಿಗರ್’ ಎಂಬ ಜಪಾನಿ ರೋಲ್ ಪ್ಲೇಯಿಂಗ್ ಗೇಮ್ ಬಗ್ಗೆ ಒಂದು ಕನ್ನಡ ಲೇಖನ ಸಿದ್ಧವಾಗುತ್ತಿದೆ. 1995ರಲ್ಲಿ ಸ್ಕ್ವೇರ್ ಕಂಪನಿ ನಿಂಟೆಂಡೊದ ಗೇಮ್ ಯಂತ್ರ ಸೂಪರ್ ಫ್ಯಾಮಿಕಾಂಗೆ ತಂದ ಗೇಮ್ ಇದು. ಇದೇ ಸಾಲಿನಲ್ಲಿ ಇನ್ನೊಂದು ಬಂದರೆ ಅದರಲ್ಲಿ ಏನಿರಬೇಕೆಂದು ಅಭಿಮಾನಿಗಳು ಬಯಸುತ್ತಾರೆ ಅನ್ನುವುದು ಲೇಖನದ ವಿಷಯ. ಕರಡಿನ ಮೂರು ವಾಕ್ಯಗಳು ಓದುವಾಗ ಎಡವುತ್ತಿವೆ:

“ಕ್ರೋನೋ ಟ್ರಿಗರ್‌ನ ಮುಂದುವರಿದ ಭಾಗವಾದ ಕ್ರೋನೋ ಕ್ರಾಸ್ ಅಭಿಮಾನಿಗಳ ನಿರೀಕ್ಷೆಯನ್ನು ಹುಸಿ ಮಾಡಿತು.”

“ಹೊಸ ಗೇಮಿನಲ್ಲಿ ಯಾದೃಚ್ಛಿಕ ಎನ್‌ಕೌಂಟರ್‌ಗಳು ಇರಬಾರದು, ರುಬ್ಬುವಿಕೆ ಕಡಿಮೆ ಇರಬೇಕು.”

“ರೀಮೇಕ್ ಆಗಲಿ ರೀಮಾಸ್ಟರ್ ಆಗಲಿ ಅಭಿಮಾನಿಗಳ ನಿರೀಕ್ಷೆಯಲ್ಲಿಲ್ಲ.”

‘ಮುಂದುವರಿದ ಭಾಗ’ ಸರಿಯೇ? ‘ನಿರೀಕ್ಷೆ’ ಒಂದೇ ಪದ ಎಲ್ಲ ಕಡೆಗೂ ಸಾಕೇ? ಜೊತೆಗೆ ‘ನ್ಯೂ ಗೇಮ್ ಪ್ಲಸ್’ ಅನ್ನುವುದಕ್ಕೆ ಕನ್ನಡದಲ್ಲಿ ಏನಾದರೂ ಹೇಳಲು ಬರುತ್ತದೆಯೇ? ಗೇಮ್ ಗೊತ್ತಿದ್ದವರು, ಕನ್ನಡ ಗೊತ್ತಿದ್ದವರು ಇಬ್ಬರೂ ತಿದ್ದಿಕೊಡಬೇಕು.

ಮೊದಲ ಉತ್ತರ

‘ಮುಂದುವರಿದ ಭಾಗ’ ವಾರಪತ್ರಿಕೆಯ ಧಾರಾವಾಹಿಯ ಮಾತು. ಹೋದ ವಾರ ಕತೆ ನಡುವೆ ನಿಂತಿತ್ತು, ಈ ವಾರ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ ಎಂದು ಓದುಗ ತಿಳಿಯುತ್ತಾನೆ. ಪತ್ರಿಕೆಯ ಮುಖಪುಟದ ಸುದ್ದಿ ಆರನೇ ಪುಟಕ್ಕೆ ಹೋದರೂ ಅದೇ ಅರ್ಥ. ಕ್ರೋನೋ ಟ್ರಿಗರ್ ಹಾಗೆ ನಡುವೆ ನಿಂತ ಕತೆಯಲ್ಲ. ಕೊನೆಯ ಶತ್ರು ಲಾವೋಸ್ ಸತ್ತ ಮೇಲೆ ಅದು ಮುಗಿಯುತ್ತದೆ. ಎಷ್ಟೋ ಬಗೆಯಲ್ಲಿ ಮುಗಿಯುತ್ತದೆ, ಆದರೆ ಮುಗಿಯುತ್ತದೆ. ಹಾಗಾಗಿ ಮೊದಲ ವಾಕ್ಯದಲ್ಲಿ ತಪ್ಪು ನಿರೀಕ್ಷೆ ಹುಟ್ಟಿಸುತ್ತಿರುವುದು ಗೇಮ್ ಅಲ್ಲ, ನಿಮ್ಮ ಪದ.

ನಿಜವಾಗಿ ‘ಮುಂದುವರಿದ ಭಾಗ’ ಅನ್ನಿಸಿಕೊಳ್ಳುವ ಗೇಮ್ ಬೇಕಾದರೆ ‘ಗೋಲ್ಡನ್ ಸನ್’ ನೋಡಿ. ಕ್ಯಾಮೆಲಾಟ್ ತಯಾರಿಸಿದ ಎರಡು ಗೇಮ್‌ಗಳು, 2001 ಮತ್ತು 2002ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದವು. ಒಂದೇ ಕತೆಯನ್ನು ನಡುವೆ ಕತ್ತರಿಸಿ ಎರಡು ಕಾರ್ಟ್ರಿಜ್‌ಗೆ ಹಂಚಿದ್ದು. ಮೊದಲನೆಯದರಲ್ಲಿ ಬೆಳೆಸಿದ ಪಾತ್ರಗಳನ್ನು ಎರಡನೆಯದಕ್ಕೆ ಒಯ್ಯಲು ಎರಡು ಯಂತ್ರಗಳನ್ನು ಜೋಡಿಸುವ ಲಿಂಕ್ ಕೇಬಲ್ ಬೇಕು. ಇಲ್ಲವಾದರೆ ಪಾಸ್‌ವರ್ಡ್ ಬರೆದಿಟ್ಟುಕೊಂಡು ಹೊಡೆಯಬೇಕು. ಪಾಸ್‌ವರ್ಡಿನಲ್ಲಿ ಮೂರು ದರ್ಜೆ: ಕಂಚಿನದು 16 ಅಕ್ಷರ, ಬೆಳ್ಳಿಯದು 61, ಚಿನ್ನದ್ದು 260. ವಸ್ತುಗಳೂ ಸೇರಿ ಎಲ್ಲವೂ ದಾಟಬೇಕಾದರೆ ಚಿನ್ನದ್ದೇ ಬೇಕು. ಆ 260ರಲ್ಲಿ ಒಂದು ಅಕ್ಷರ ತಪ್ಪಿದರೂ ಗೇಮ್ ಒಪ್ಪುವುದಿಲ್ಲ. ತಪ್ಪು ಬರೆದುಕೊಂಡವರು ಮತ್ತೆ ಮೊದಲಿನಿಂದ ತಾಳೆ ನೋಡಬೇಕು. ಹೀಗೆ ಒಯ್ಯುವುದಕ್ಕೆ ಜಪಾನಿಯರ ಮಾತು ‘ಹಿಕಿತ್ಸುಗಿ’. ಕಚೇರಿಯಲ್ಲಿ ವರ್ಗವಾಗಿ ಹೋಗುವವರು ಬರುವವರಿಗೆ ಕಡತ, ಕೀಲಿಕೈ ಒಪ್ಪಿಸುತ್ತಾರಲ್ಲ, ಅದಕ್ಕೂ ಅದೇ ಪದ. ನಮ್ಮ ಕಚೇರಿಗಳಲ್ಲಿ ಅದು ‘ಚಾರ್ಜ್ ಕೊಡುವುದು’. ಲೇಖನದಲ್ಲಿ ಬೇಕಾದರೆ ‘ಬಳುವಳಿ’ ಅನ್ನಿ, ತವರಿನಿಂದ ತಂದದ್ದು ಅನ್ನುವ ಧ್ವನಿ ಚೆನ್ನಾಗಿ ಕೂರುತ್ತದೆ.

ಇನ್ನು ಜಪಾನಿನಲ್ಲಿ ಈ ವಿಂಗಡಣೆ ಹೇಗಿದೆ ನೋಡಿ. ಕತೆಯನ್ನು ಮುಂದಕ್ಕೆ ಒಯ್ಯುವುದು ‘ಝೊಕುಹೆನ್’. ಸಾಲಿನಲ್ಲಿ ಮುಂದಿನ ಅಂಕಿ ಹೊತ್ತು ಬರುವುದು ‘ನಂಬರಿಂಗ್’, ಇಂಗ್ಲಿಷಿನಿಂದ ಎರವಲು ತಂದು ತಾವೇ ಮಾಡಿಕೊಂಡ ಬಳಕೆ. ಹಿಂದಿನ ಕತೆ ಹೇಳುವುದು ‘ಝೆನ್‌ಜಿತ್ಸುತನ್’, ಅಕ್ಷರಶಃ ‘ಮುನ್ನಾದಿನದ ಕತೆ’. ಪಕ್ಕದಲ್ಲಿ ನಡೆಯುವುದು ‘ಗಾಯ್ಡೆನ್’, ಹೊರಗಿನ ಕತೆ. ನಾವು ಇಷ್ಟನ್ನೂ ‘ಸೀಕ್ವೆಲ್’ ಅನ್ನುವ ಒಂದೇ ಗೋಣಿಗೆ ತುಂಬುತ್ತೇವೆ. ‘ಫೈನಲ್ ಫ್ಯಾಂಟಸಿ’ 7 ಆಡಿ 8ಕ್ಕೆ ಹೋದವನಿಗೆ ಹಳೆಯ ನಾಯಕನೂ ಇಲ್ಲ, ಹಳೆಯ ಲೋಕವೂ ಇಲ್ಲ. ಆ ಸಾಲಿನ ಗೇಮ್ ಒಂದಕ್ಕೆ ನೇರವಾಗಿ ಕತೆ ಮುಂದುವರಿಸುವ ಇನ್ನೊಂದು ಗೇಮ್ ಬಂದದ್ದು 2003ರಲ್ಲಿ, ಹತ್ತರ ಮುಂದಿನ ‘ಟೆನ್-ಟು’. ಹೆಸರಿನಲ್ಲೇ ಎರಡು ಅಂಕಿ: ಸಾಲಿನ ಅಂಕಿ ಹತ್ತು, ಕತೆಯ ಅಂಕಿ ಎರಡು. ‘ಡ್ರಾಗನ್ ಕ್ವೆಸ್ಟ್’ ಇನ್ನೂ ಸೊಗಸು. 1988ರ ಮೂರನೆಯದು ಕತೆಯ ಲೆಕ್ಕದಲ್ಲಿ ಒಂದು ಮತ್ತು ಎರಡಕ್ಕಿಂತ ಹಿಂದಿನದು. ಹಾಗಾಗಿಯೇ ಹೊಸ ರೂಪದಲ್ಲಿ ತರುವಾಗ ಮೂರನೆಯದನ್ನು 2024ರಲ್ಲಿ ಮೊದಲು ತಂದು, ಒಂದು ಮತ್ತು ಎರಡನ್ನು 2025ರಲ್ಲಿ ತಂದರು. ಕನ್ನಡದವರಿಗೆ ಇದು ಹೊಸದೇನೂ ಅಲ್ಲ. 2022ರಲ್ಲಿ ‘ಕಾಂತಾರ’ ನೋಡಿ 2025ರಲ್ಲಿ ‘ಅಧ್ಯಾಯ 1’ ನೋಡಿದವರು, ಆಮೇಲೆ ಬಂದದ್ದು ಒಂದನೇ ಅಧ್ಯಾಯ ಹೇಗಾಯಿತು ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

ನನ್ನ ಸಲಹೆ: ಕತೆ ಮುಂದೆ ಸಾಗಿದರೆ ‘ಉತ್ತರಕಥೆ’, ಹಿಂದಕ್ಕೆ ಹೋದರೆ ‘ಪೂರ್ವಕಥೆ’, ಅಂಕಿ ಮಾತ್ರ ಏರಿದರೆ ‘ಸಾಲಿನ ಮುಂದಿನ ಗೇಮ್’. ಗಾಯ್ಡೆನ್‌ಗೆ ‘ಉಪಕಥೆ’ ಬೇಡ. ಉಪಕಥೆ ದೊಡ್ಡ ಕತೆಯ ಹೊಟ್ಟೆಯೊಳಗಿರುತ್ತದೆ, ಗಾಯ್ಡೆನ್ ಬೇಲಿಯ ಆಚೆ. ‘ಹೊರಗತೆ’ ಅಂದರೆ ಸಾಕು.

ಈಗ ಕ್ರೋನೋ ಕ್ರಾಸ್. 1999ರದು, ನಿರ್ದೇಶನ ಮಸಾತೊ ಕಾಟೊ. ಟ್ರಿಗರ್ ಕತೆ ಶುರುವಾಗುವುದು ಕ್ರಿ.ಶ. 1000ದಲ್ಲಿ, ಕ್ರಾಸ್ ಕತೆ 1020ರಲ್ಲಿ. ಮೊದಲನೆಯದರ ಗಾರ್ಡಿಯಾ ರಾಜ್ಯ 1005ರಲ್ಲೇ ಬಿದ್ದುಹೋಗಿದೆ. ನಾಯಕ ಸರ್ಜ್, ಊರು ಎಲ್ ನಿಡೊ ದ್ವೀಪಸಮೂಹ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಬದಲು ಒಂದರ ಪಕ್ಕ ಒಂದು ಇರುವ ಎರಡು ಲೋಕಗಳ ನಡುವೆ ಓಡಾಟ. ಜೊತೆಗೆ ಇದು 1996ರಲ್ಲಿ ಸ್ಯಾಟೆಲಾವ್ಯೂ (ಸೂಪರ್ ಫ್ಯಾಮಿಕಾಂಗೆ ಉಪಗ್ರಹದಿಂದ ಗೇಮ್ ಕಳಿಸುತ್ತಿದ್ದ ಸೇವೆ) ಮೂಲಕ ಬಂದ ‘ರ‍್ಯಾಡಿಕಲ್ ಡ್ರೀಮರ್ಸ್’ ಎಂಬ ಓದುವ ಆಟವನ್ನು ಮತ್ತೆ ಕಟ್ಟಿದ್ದು. ಅಂದರೆ ಹೊರಗತೆಯನ್ನು ಹಿಗ್ಗಿಸಿ ಉತ್ತರಕಥೆ ಮಾಡಿದ್ದು. ‘ಮುಂದುವರಿದ ಭಾಗ’ ಅಂದುಕೊಂಡು ಕೂತವನಿಗೆ ಇದು ಬೇರೆ ಊರಿನ ಬಸ್ಸು.

‘ಹುಸಿ ಮಾಡಿತು’ ಅನ್ನುವುದಕ್ಕೂ ಕಾರಣ ಬರೆಯಿರಿ, ಬರೀ ತೀರ್ಪು ಬೇಡ. ಟ್ರಿಗರ್‌ನಲ್ಲಿ ಆಡುವ ಪಾತ್ರಗಳು 7. ಇಬ್ಬರು ಸೇರಿ ಹೊಡೆಯುವ ‘ಜೋಡಿ ತಂತ್ರ’ ಅದರ ಜೀವ. 7 ಪಾತ್ರಕ್ಕೆ ಲೆಕ್ಕದಲ್ಲಿ 21 ಜೋಡಿ, ಅದರಲ್ಲೂ ಮೇಗಸ್‌ಗೆ ಎಂಬ ಪಾತ್ರಕ್ಕೆ ಜೋಡಿ ತಂತ್ರವಿಲ್ಲ. ಕ್ರಾಸ್‌ನಲ್ಲಿ ಪಾತ್ರಗಳು 45. ಜೋಡಿ ಲೆಕ್ಕ ಹಾಕಿದರೆ 990 ಆಗುತ್ತದೆ, ಅಷ್ಟಕ್ಕೂ ಒಂದೊಂದು ತಂತ್ರ ಹೆಣೆಯಲು ಯಾವ ತಂಡಕ್ಕೂ ಆಗುವುದಿಲ್ಲ. ಹಾಗಾಗಿ ಕೈಬೆರಳೆಣಿಕೆಯಷ್ಟು ಉಳಿದವು, ಅವೂ ಸರಿಯಾದ ಇಬ್ಬರನ್ನು ತಂಡಕ್ಕೆ ಹಾಕಿಕೊಂಡರೆ ಮಾತ್ರ. ಪಾತ್ರ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲಿನ ಮಾತು, ಕತೆ ತೆಳುವಾಗುತ್ತದೆ. “ಹತ್ತೇ ಪಾತ್ರ ಇರಲಿ, ಆದರೆ ಮಾತಾಡಲಿ” ಅನ್ನುವ ಬಗೆಯ ಬೇಡಿಕೆಯ ಬೇರು ಅಲ್ಲಿದೆ.

ಎರಡನೆಯ ಉತ್ತರ

ಹಿಂದಿನವರ ವಿಂಗಡಣೆ ಒಪ್ಪಿದೆ. ‘ಉತ್ತರಕಥೆ’ ಮಾತ್ರ ಒಪ್ಪಿಲ್ಲ. ಅದು ಉತ್ತರಕಾಂಡ, ಉತ್ತರಾರ್ಧಗಳ ಸಾಲಿನದು ನಿಜ, ಆದರೆ ಗೇಮ್ ಆಡುವ ಹುಡುಗರಿಗೆ ‘ಉತ್ತರ’ ಅಂದರೆ ಪ್ರಶ್ನೆಪತ್ರಿಕೆ, ಇಲ್ಲವೇ ದಿಕ್ಕು. ‘ಆಮೇಲಿನ ಕತೆ’ ಅನ್ನಿ. “ಕ್ರೋನೋ ಕ್ರಾಸ್ ಆಮೇಲಿನ ಕತೆ, ಮುಂದುವರಿದ ಕತೆಯಲ್ಲ” ಅಂದರೆ ಒಂದೇ ಏಟಿಗೆ ತಿಳಿಯುತ್ತದೆ.

ನನ್ನ ಮುಖ್ಯ ತಕರಾರು ‘ನಿರೀಕ್ಷೆ’ಯ ಮೇಲೆ. ನಿಮ್ಮ ಕರಡಿನಲ್ಲಿ ಅದು ಮೂರು ಕೆಲಸ ಮಾಡುತ್ತಿದೆ: ಹೀಗಾಗುತ್ತದೆ ಎಂಬ ಅಂದಾಜು, ಹೀಗಾಗಲಿ ಎಂಬ ಆಸೆ, ಹೀಗೇ ಆಗಬೇಕು ಎಂಬ ಹಟ. ನ್ಯಾಯಾಲಯದ ‘ನಿರೀಕ್ಷಣಾ ಜಾಮೀನು’ ನೋಡಿ, ಅಲ್ಲಿ ನಿರೀಕ್ಷಿಸುವುದು ಬಂಧನವನ್ನು, ಅದನ್ನು ಯಾರೂ ಬಯಸುವುದಿಲ್ಲ! ಕನ್ನಡದಲ್ಲಿ ಈ ವ್ಯತ್ಯಾಸ ನಾಮಪದಕ್ಕಿಂತ ಕ್ರಿಯಾಪದದ ಬಾಲದಲ್ಲಿ ಚೆನ್ನಾಗಿ ನಿಲ್ಲುತ್ತದೆ. “ಕಾಳಗ ಸರದಿಯದಾಗಿರಲಿ” (ಒಬ್ಬರಾದ ಮೇಲೆ ಒಬ್ಬರು ಹೊಡೆಯುವಂಥದ್ದು) ಆಸೆ. “ಸರದಿಯದಾಗಿರಬಹುದು” ಅಂದಾಜು. “ಸರದಿಯದಾಗಿರಬೇಕು” ಅಂದಾಗ ಎಚ್ಚರ: “ಅವರು ಮನೆಯಲ್ಲಿರಬೇಕು” ಅಂದರೆ ಬಹುಶಃ ಇದ್ದಾರೆ ಅಂತಲೂ ಆಗುತ್ತದೆ, ಕದಲದೆ ಇರಲಿ ಅಂತಲೂ ಆಗುತ್ತದೆ. ಮಾತಿನಲ್ಲಿ ದನಿ ಬಿಡಿಸುತ್ತದೆ, ಬರಹದಲ್ಲಿ ಬಿಡಿಸುವುದಿಲ್ಲ. ಹಟವಾದರೆ “ಸರದಿಯದೇ ಆಗಬೇಕು” ಎಂದು ಏಕಾರ ಹಾಕಿ, ‘ಇರು’ ತೆಗೆಯಿರಿ.

ಗಾಳಿಸುದ್ದಿಗೆ ‘ಅಂತೆ’ ಇದೆ. 2001ರಲ್ಲಿ ಸ್ಕ್ವೇರ್ ಅಮೆರಿಕದಲ್ಲಿ ‘ಕ್ರೋನೋ ಬ್ರೇಕ್’ ಅನ್ನುವ ಹೆಸರಿಗೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿತು. ಗೇಮ್ ಬರಲಿಲ್ಲ. ಹೆಸರು ಕಾದಿರಿಸುವುದು ಬೇರೆ, ಗೇಮ್ ಘೋಷಿಸುವುದು ಬೇರೆ. ಆ ಕಾಲದ ಮಾತನ್ನು ಬರೆಯುವಾಗ “ಮೂರನೆಯದು ಬರುತ್ತದೆ ಎಂಬ ನಿರೀಕ್ಷೆ ಮೂಡಿತು” ಅನ್ನುವುದಕ್ಕಿಂತ “ಮೂರನೆಯದು ಬರುತ್ತದಂತೆ ಎಂಬ ಮಾತು ಹಬ್ಬಿತು” ನಿಖರ. ಇಂಥದ್ದಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಪದ ಬೇಕು, ನಮಗೆ ಎರಡಕ್ಷರ ಸಾಕು. ಬಳಸದೇ ಬಿಡುವುದೇಕೆ?

ಎರಡನೇ ವಾಕ್ಯಕ್ಕೆ ಬರೋಣ. ‘ಎನ್‌ಕೌಂಟರ್’ ಕನ್ನಡ ಪತ್ರಿಕೆಯಲ್ಲಿ ಪೊಲೀಸರ ಗುಂಡಿನ ಸುದ್ದಿ. ‘ಯಾದೃಚ್ಛಿಕ’ ಸೇರಿಸಿದರೆ ಇನ್ನೂ ಭಯಂಕರ. ‘ದಿಢೀರ್ ಕಾಳಗ’ ಅನ್ನಿ. ಅದರ ಅರ್ಥವನ್ನೂ ಒಂದು ಸಾಲು ಬಿಡಿಸಿ: ಖಾಲಿ ಬಯಲಲ್ಲಿ ನಡೆಯುತ್ತಿರುವಾಗ ಪರದೆ ಬದಲಾಗಿ, ಕಾಣದಿದ್ದ ಶತ್ರುಗಳು ಎದುರು ನಿಲ್ಲುವುದು. ಕ್ರೋನೋ ಟ್ರಿಗರ್‌ನಲ್ಲಿ ಅದಿಲ್ಲ. ಶತ್ರುಗಳು ದಾರಿಯಲ್ಲೇ ಕಾಣುತ್ತಾರೆ, ಕೆಲವರು ಪೊದೆಯಿಂದ ಹಾರುತ್ತಾರೆ, ಕಾಳಗ ನಿಂತ ಜಾಗದಲ್ಲೇ ಶುರುವಾಗುತ್ತದೆ. ಆದ್ದರಿಂದ “ದಿಢೀರ್ ಕಾಳಗ ಬೇಡ” ಅನ್ನುವುದು ಹೊಸ ಬೇಡಿಕೆಯಲ್ಲ, ಇದ್ದದ್ದನ್ನು ಉಳಿಸಿಕೊಳ್ಳಿ ಅನ್ನುವುದು. ‘ಇರಬಾರದು’ ಬದಲು “ಮೊದಲಿನಂತೆ ಶತ್ರುಗಳು ಕಣ್ಣಿಗೆ ಕಾಣುತ್ತಿರಲಿ” ಎಂದು ಬರೆದರೆ ಓದುಗನಿಗೂ ಚಿತ್ರ ಸಿಗುತ್ತದೆ.

‘ರುಬ್ಬುವಿಕೆ’ (ಇಂಗ್ಲಿಷಿನ ‘ಗ್ರೈಂಡಿಂಗ್’) ಹಿಟ್ಟಿಗೆ ಬಿಡಿ. ಜಪಾನಿಯರೇ ಇದನ್ನು ‘ರೆಬೆರು ಆಗೆ’ ಅನ್ನುತ್ತಾರೆ, ಅಂದರೆ ಸಣ್ಣ ಕಾಳಗಗಳನ್ನು ಮತ್ತೆ ಮತ್ತೆ ಆಡಿ ಲೆವೆಲ್ (ಪಾತ್ರದ ಬಲದ ಮಟ್ಟ) ಏರಿಸುವುದು. ಕನ್ನಡದಲ್ಲೂ ಅದು ಹಾಗೇ ಕೂರುತ್ತದೆ. ತಮಾಷೆ ಬೇಕಾದರೆ ‘ಗರಡಿ ಸಾಮು’ ಅನ್ನಬಹುದು. ಒಂದು ಎಚ್ಚರ: ಕ್ರೋನೋ ಕ್ರಾಸ್‌ನಲ್ಲಿ ಲೆವೆಲ್ ಏರಿಸುವುದೇ ಇಲ್ಲ. ದೊಡ್ಡ ಶತ್ರುವನ್ನು ಸೋಲಿಸಿದಾಗ ಒಂದು ನಕ್ಷತ್ರ ಸಿಗುತ್ತದೆ, ಶಕ್ತಿ ಅಲ್ಲಿ ಬೆಳೆಯುತ್ತದೆ. ಆಮೇಲಿನ ಕೆಲವೇ ಸಣ್ಣ ಕಾಳಗಗಳಲ್ಲಿ ಚೂರು ಸೇರುತ್ತದೆ, ಮುಂದಿನ ನಕ್ಷತ್ರದವರೆಗೆ ಅಷ್ಟೇ. “ಕ್ರಾಸ್‌ನ ಹಾಗೆ ರುಬ್ಬಿಸಬಾರದು” ಎಂದು ಯಾರಾದರೂ ಹೇಳಿದ್ದನ್ನು ಲೇಖನಕ್ಕೆ ಹಾಕಿಕೊಂಡಿದ್ದರೆ ತೆಗೆಯಿರಿ, ಅವರು ಆಡಿಲ್ಲ.

ಮೂರನೇ ವಾಕ್ಯದಲ್ಲಿ ‘ರೀಮೇಕ್’ ಬಲೆ. ಕನ್ನಡದಲ್ಲಿ ರೀಮೇಕ್ ಅಂದರೆ ತಮಿಳಿನದೋ ತೆಲುಗಿನದೋ ಸಿನಿಮಾವನ್ನು ಇಲ್ಲಿ ತೆಗೆದದ್ದು, ಸ್ವಲ್ಪ ಮೂಗು ಮುರಿಯುವ ಪದ. ಗೇಮ್‌ನಲ್ಲಿ ಹಾಗಲ್ಲ, ಬಹುಮಟ್ಟಿಗೆ ಅದೇ ಕಂಪನಿ ತನ್ನದೇ ಹಳೆಯದನ್ನು ಹೊಸದಾಗಿ ಕಟ್ಟುತ್ತದೆ. ಹಿತ್ತಾಳೆ ಪಾತ್ರೆಯ ಲೆಕ್ಕದಲ್ಲಿ ಹೇಳುವುದಾದರೆ ರೀಮಾಸ್ಟರ್ ಕಲಾಯಿ, ರೀಮೇಕ್ ಕರಗಿಸಿ ಮತ್ತೆ ಎರಕ ಹೊಯ್ದದ್ದು. 2022ರಲ್ಲಿ ಬಂದ ಕ್ರೋನೋ ಕ್ರಾಸ್ ಆವೃತ್ತಿ ಕಲಾಯಿ. 2020ರ ಫೈನಲ್ ಫ್ಯಾಂಟಸಿ 7 ಎರಕ, ಅದೂ ಎಷ್ಟು ಹಿಗ್ಗಿತೆಂದರೆ ಮೊದಲ ಕಂತು ಮಿಡ್‌ಗಾರ್ ನಗರ ದಾಟುವುದರೊಳಗೆ ಮುಗಿದು, ಎರಡನೇ ಕಂತಿಗೆ 2024ರವರೆಗೆ ಕಾಯಬೇಕಾಯಿತು. ಅಭಿಮಾನಿಗಳು ‘ರೀಮೇಕ್’ ಅಂದಾಗ ಎರಡರಲ್ಲಿ ಯಾವುದನ್ನು ಹೇಳುತ್ತಿದ್ದಾರೆ ಎಂದು ನೋಡಿಕೊಂಡು ಬರೆಯಿರಿ.

ಮೊದಲು ಉತ್ತರಿಸಿದವರಿಂದ

‘ಆಮೇಲಿನ ಕತೆ’ಗೆ ಸೋತೆ. ‘ನ್ಯೂ ಗೇಮ್ ಪ್ಲಸ್’ ಉಳಿದುಹೋಯಿತು. ಆ ಹೆಸರನ್ನು ಬಳಕೆಗೆ ತಂದದ್ದೇ ಕ್ರೋನೋ ಟ್ರಿಗರ್, ಹಾಗಾಗಿ ನಿಮ್ಮ ಲೇಖನದಲ್ಲಿ ಇದನ್ನು ತಪ್ಪಿಸಿಕೊಳ್ಳಲಾಗದು. ಒಮ್ಮೆ ಮುಗಿಸಿದ ಮೇಲೆ ಲೆವೆಲ್, ಕಲಿತ ತಂತ್ರ, ಆಯುಧ ಇಟ್ಟುಕೊಂಡು ಮೊದಲಿನಿಂದ ಆಡುವುದು. ದುಡ್ಡು ಬರುವುದಿಲ್ಲ, ಕತೆಗೆ ಬೇಕಾದ ವಸ್ತುಗಳೂ ಬರುವುದಿಲ್ಲ. ಅವು ಬಂದರೆ ಬೀಗ ಹಾಕಿದ ಬಾಗಿಲುಗಳೆಲ್ಲ ಮೊದಲ ಗಂಟೆಯಲ್ಲೇ ತೆರೆದು ಕತೆ ಕಲಸಿಹೋಗುತ್ತದೆ. ಜಪಾನಿಯಲ್ಲಿ ಇದು ‘ತ್ಸುಯೊಕುತೆ ನ್ಯೂ ಗೇಮ್’. ‘ತ್ಸುಯೊಯ್’ ಅಂದರೆ ಬಲವಾದ, ಆ ‘ತೆ’ ನಮ್ಮ ‘-ತು, -ದು’ ಕೃದಂತದ ಹಾಗೆ ಮುಂದಿನ ಮಾತಿಗೆ ಕೊಂಡಿ. ಇಂಗ್ಲಿಷಿನ ‘ಪ್ಲಸ್’ ಹಿಡಿದು ‘ಹೊಸ ಆಟ ಅಧಿಕ’ ಅಂದರೆ ಅಧಿಕಮಾಸ ನೆನಪಾಗುತ್ತದೆ. ಜಪಾನಿ ಹಿಡಿದರೆ ದಾರಿ ಸಲೀಸು: ‘ಬಲಿತು ಹೊಸ ಆಟ’.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ ಕರಡು ಹೀಗಿದೆ:

“ಕ್ರೋನೋ ಕ್ರಾಸ್ ಆಮೇಲಿನ ಕತೆಯೇ, ಆದರೆ ಮುಂದುವರಿದ ಭಾಗ ಬರುತ್ತದೆಂದು ಕಾದವರಿಗೆ 45 ಪಾತ್ರ ಸಿಕ್ಕವು, ಜೋಡಿ ತಂತ್ರ ಕೈಬೆರಳೆಣಿಕೆಯಷ್ಟೇ ಸಿಕ್ಕವು. ಸಾಲಿನ ಮುಂದಿನ ಗೇಮ್ ಬಂದರೆ ಶತ್ರುಗಳು ಮೊದಲಿನಂತೆ ಕಣ್ಣಿಗೆ ಕಾಣುತ್ತಿರಲಿ, ಕಾಳಗ ಸರದಿಯದೇ ಆಗಬೇಕು, ಬಲಿತು ಹೊಸ ಆಟ ಇದ್ದೇ ಇರಬೇಕು. ಕಲಾಯಿ ಸಾಕಾಗದು.”

‘ಇದ್ದೇ ಇರಬೇಕು’ ಅನ್ನುವಲ್ಲಿ ‘ಇರು’ ಉಳಿದಿದೆ. ಏಕಾರ ಇರುವುದರಿಂದ ಹಟ ಅಂತಲೇ ಓದುತ್ತಾರೋ, ಅಂದಾಜು ಅಂತ ಓದುತ್ತಾರೋ?

ಎರಡನೆಯ ಉತ್ತರದವರಿಂದ

ಎರಡೂ ಓದಬಹುದು. “ಇರಲೇಬೇಕು” ಎಂದು ತಿದ್ದಿ.