ಆರಾಧನೆ ಮುಗಿಯುವವರೆಗೂ ಕಾರಲ್ಲೇ ಕೂರುವ ಮಗ

ಅಕ್ಕಾ, ನಿಮ್ಮ ಮಗಳು ದೃಢೀಕರಣ (ದೊಡ್ಡವಳಾಗಿ ತನ್ನ ನಂಬಿಕೆಯನ್ನು ತಾನೇ ಒಪ್ಪಿಕೊಳ್ಳುವ ಚರ್ಚಿನ ವಿಧಿ) ಆದ ಮೇಲೆ ಚರ್ಚಿಗೇ ಬರುವುದಿಲ್ಲ ಎಂದು ಬರೆದಿದ್ದೀರಿ. ನನ್ನ ಮಗ ಬರುತ್ತಾನೆ, ಆದರೆ ಕಾರಿನಿಂದ ಇಳಿಯುವುದಿಲ್ಲ. ಹದಿನಾರು ವರ್ಷ. ಸೀಟು ಹಿಂದಕ್ಕೆ ಬಾಗಿಸಿ, ಎ.ಸಿ. ಹಾಕಿಕೊಂಡು ಒಂದೂವರೆ ಗಂಟೆ ಮೊಬೈಲು.

ಮೊದಲು ಇಲ್ಲಿ ಯುಎಇಯ ನಮ್ಮ ಕನ್ನಡ ಚರ್ಚಿನಲ್ಲಿ ಶುಕ್ರವಾರ ಬೆಳಿಗ್ಗೆ ಆರಾಧನೆ ಇತ್ತು. 2022ರ ಜನವರಿಯಲ್ಲಿ ಯುಎಇಯಲ್ಲಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬಂತಲ್ಲ, ಆಮೇಲೆ ನಮಗೆ ಸಿಕ್ಕಿದ್ದು ಭಾನುವಾರ ಸಂಜೆ. ಒಂದೇ ಕಾಂಪೌಂಡಿನಲ್ಲಿ ಮಲಯಾಳಿಗಳು, ತಮಿಳರು, ಫಿಲಿಪಿನೋಗಳು ಎಲ್ಲರೂ ಸಮಯ ಹಂಚಿಕೊಳ್ಳಬೇಕು. ಮಾರನೇ ದಿನ ಶಾಲೆ. ಮಕ್ಕಳ ಮುಖ ಆಗಲೇ ಸಪ್ಪೆ.

ಆದರೆ ಸಮಯದ್ದು ಸಣ್ಣ ವಿಷಯ. ಒಂದು ಸಂಜೆ ನಾನೂ ಒಳಗೆ ಹೋಗದೆ ಅವನ ಪಕ್ಕ ಕೂತೆ. ಯಾಕೋ ಬರಲ್ಲ ಅಂದರೆ, "ಎಂಕ್ ಅರ್ಥ ಆಪುಜಿ ಪಪ್ಪಾ" ಎಂದ, ನನಗೆ ಅರ್ಥ ಆಗಲ್ಲ ಅಂತ. ನಿಜ ಅಲ್ವಾ? ಮನೆಯಲ್ಲಿ ತುಳು, ಶಾಲೆಯಲ್ಲಿ ಇಂಗ್ಲಿಷ್. ಚರ್ಚಿನ ಕನ್ನಡ ನಾವೂ ಮನೆಯಲ್ಲಿ ಆಡುವುದಿಲ್ಲ. "ಒಡಂಬಡಿಕೆ ಅಂದ್ರೇನು?" ಎಂದು ಕೇಳಿದ. ನಾನು ತಡವರಿಸಿ, "ಎಜಾರಿ ಇದೆಯಲ್ಲ, ಬಾಡಿಗೆ ಕರಾರು, ಹಾಗೇ" ಎಂದೆ. "ಹಾಗಾದ್ರೆ ದೇವರು ವರ್ಷ ವರ್ಷ ರೇಟ್ ಜಾಸ್ತಿ ಮಾಡ್ತಾನಾ?" ಎಂದು ನಕ್ಕ. ಆರು ತಿಂಗಳಲ್ಲಿ ಚರ್ಚಿನ ಬಗ್ಗೆ ನಮ್ಮಿಬ್ಬರ ನಡುವೆ ಜಗಳ ಇಲ್ಲದೆ ನಡೆದ ಮೊದಲ ಮಾತು ಅದು.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು ಕೂತು ತುಳು ಕಲಿತರು. 1847ಕ್ಕೆ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚಾಯಿತು. 1886ರಲ್ಲಿ ಅದೇ ಮಿಷನ್ನಿನ ಮ್ಯಾನ್ನರ್ ತುಳು ನಿಘಂಟೇ ತಂದರು. ನಮ್ಮ ಹಿರಿಯರನ್ನು ಮುಟ್ಟಲು ಅಷ್ಟು ದೂರದವರು ಅಷ್ಟು ಪಾಡುಪಟ್ಟರು. ನಾವು ನಮ್ಮ ಮಕ್ಕಳ ಹತ್ತಿರ ಅವರಿಗೆ ಬರುವ ಭಾಷೆಯಲ್ಲಿ ಮಾತಾಡಬೇಕಾ ಬೇಡವಾ ಎಂದು ಕಮಿಟಿ ಮೀಟಿಂಗ್ ಕರೆಯುತ್ತೇವೆ!

ಹಾಗಂತ ಇಂಗ್ಲಿಷ್ ಆರಾಧನೆ ಇಟ್ಟರೆ ಸರಿಹೋಗುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ನಾವು ಇಟ್ಟು ನೋಡಿದೆವು. ಗಿಟಾರು, ಪಿಜ್ಜಾ, ಎಲ್ಲ. ನಾಲ್ಕು ತಿಂಗಳಲ್ಲಿ ಉಳಿದದ್ದು ಕಮಿಟಿಯವರ ಮಕ್ಕಳು ಮಾತ್ರ. ಯಾಕೆಂದರೆ ಹೊರಗೆ ಚಹಾ ಕುಡಿಯುವಾಗ ಅದೇ ಅಂಕಲ್‌ಗಳು, ಅದೇ ಪ್ರಶ್ನೆಗಳು. ಪರ್ಸೆಂಟೇಜ್ ಎಷ್ಟು? ನೀಟ್ ಬರೀತೀಯಾ? ಯಾಕಪ್ಪಾ ಕಾಣುವುದೇ ಇಲ್ಲ? ಹನ್ನೆರಡು ಮುಗಿದರೆ ಇವರು ಮಣಿಪಾಲಕ್ಕೋ ಕೆನಡಾಕ್ಕೋ ಹೊರಟೇಬಿಡುತ್ತಾರೆ. ನಮಗೆ ಸಿಗುವುದು ಎರಡೋ ಮೂರೋ ವರ್ಷ. ಅದನ್ನೂ ಇಂಟರ್‌ವ್ಯೂ ಮಾಡಿ ಕಳೆಯುತ್ತೇವೆ. ನಾನೂ ಬೇರೆಯವರ ಮಕ್ಕಳಿಗೆ ಕೇಳಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಚರ್ಚಿನ ಬೆಳೆ ಹಬ್ಬಕ್ಕೆ, ಎಲ್ಲರೂ ತಂದ ಕಾಯಿಪಲ್ಲೆ ಹರಾಜು ಹಾಕುವಾಗ, ಏಲಂ ಕೂಗುವವರಿಗೆ ಗಂಟಲು ಕಟ್ಟಿತ್ತು. ಯಾರೋ ಕಾರಿನ ಗಾಜು ತಟ್ಟಿ ಇವನನ್ನು ಎಳೆದುಕೊಂಡು ಬಂದರು. ಮೊದಲು ಗೊಣಗಿದ. ಆಮೇಲೆ ಒಂದು ಕುಂಬಳಕಾಯಿ ಎತ್ತಿ ತುಳುವಿನಲ್ಲೇ ಶುರುಮಾಡಿದ. "ಒಂಜಿ... ರಡ್ಡ್..." ಎಂದು ನಿಲ್ಲಿಸಿ, ಹಿಂದಿನ ಸಾಲಿನ ಆಂಟಿಯನ್ನೇ ನೋಡುವುದು. ಅವರು ನಾಚಿಕೊಂಡು ಹತ್ತು ದಿರ್ಹಮ್ ಏರಿಸುವುದು. ಅಂಗಡಿಯಲ್ಲಿ ಹತ್ತು ದಿರ್ಹಮ್ಮಿನ ಕಾಯಿ 140ಕ್ಕೆ ಹೋಯಿತು. "ಮೂಜಿ!" ಎಂದಾಗ ಅವನ ದನಿ ಒಡೆಯಿತು, ಎಲ್ಲರೂ ನಕ್ಕರು, ಅವನೂ ನಕ್ಕ.

ಮುಂದಿನ ಭಾನುವಾರ ಮತ್ತೆ ಕಾರಲ್ಲೇ ಕೂತ. ನನಗೆ ಬೇಜಾರಾಯಿತು. ಆದರೆ ಆರಾಧನೆ ಮುಗಿದ ಮೇಲೆ ಆ ಕುಂಬಳಕಾಯಿ ತಗೊಂಡ ಹಿರಿಯರು ಎರಡು ಚಹಾ ಹಿಡಿದುಕೊಂಡು ಕಾರಿನ ಹತ್ತಿರ ಹೋದರು. ಕಡಲೆ ಹಾಕಿ ಗಸಿ ಮಾಡಿದೆವು, ಕಾಯಿ ಸ್ವಲ್ಪ ಎಳೆಯದು, ನೀನು ನನಗೆ ಟೋಪಿ ಹಾಕಿದೆ ಎಂದರಂತೆ. ಇಪ್ಪತ್ತು ನಿಮಿಷ ಮಾತಾಡುತ್ತಾ ನಿಂತರು. ಈಗ ಅವರು ಪ್ರತಿ ವಾರ ಹೋಗುತ್ತಾರೆ. ಏನು ಮಾತಾಡುತ್ತಾರೋ ನಾನು ಕೇಳಿಲ್ಲ.

ಅಕ್ಕಾ, ನಿಮ್ಮ ಮಗಳ ಹತ್ತಿರ ಚರ್ಚಿನವರು ಯಾರಾದರೂ ಮಾರ್ಕ್ಸ್ ಬಿಟ್ಟು ಬೇರೆ ಏನಾದರೂ ಮಾತಾಡುತ್ತಾರಾ?